ಹಳೆ ಯೆಜ್ಡಿಯ ಅಲ್ಯೂಮಿನಿಯಂ: ಎಷ್ಟು ತಿಕ್ಕಬೇಕು, ಎಲ್ಲಿ ನಿಲ್ಲಿಸಬೇಕು?

ನಮ್ಮ ಕಡೆ ಹಳ್ಳಿಗಳಲ್ಲಿ ಇವತ್ತಿಗೂ ಕೆಲವು ಮನೆಗಳ ಅಂಗಳದಲ್ಲಿ ಜಾವಾ, ಯೆಜ್ಡಿ ಗಾಡಿಗಳು ನಿಂತಿರ್ತವೆ. ಇವು ನಮ್ಮ ರಾಜ್ಯದಲ್ಲೇ ತಯಾರಾದವು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಉತ್ಪಾದನೆ ಶುರು ಮಾಡಿ, 1970ರ ದಶಕದಲ್ಲಿ ಯೆಜ್ಡಿ ಅನ್ನೋ ಹೆಸರು ತಂದು, 1996ರಲ್ಲಿ ಬಾಗಿಲು ಮುಚ್ಚಿತು. ಅಂದ್ರೆ ಎಂಜಿನ್ ಕವರ್ ಒಂದು ಹಾಳಾದ್ರೆ ಆ ಕಾರ್ಖಾನೆಯಿಂದ ಹೊಸದು ಬರಲ್ಲ. ಹಾಗಾಗಿ ಕೈಗೆ ಪೇಪರ್ ಹಿಡಿಯೋ ಮೊದಲೇ ಒಂದು ಮಾತು ನೆನಪಿರಲಿ: ಪಾಲಿಶ್ ಮಾಡೋದು ಅಂದ್ರೆ ಲೋಹ ತೆಗೆಯೋದು. ತೆಗೆದದ್ದನ್ನ ತಿರುಗಿ ಹಚ್ಚೋಕಾಗಲ್ಲ.

ಈ ಲೇಖನದ ಉದಾಹರಣೆ, ಬಸವಕಲ್ಯಾಣದ ಕಡೆ ಗೋರ್ಟಾ (ಬಿ) ಊರಲ್ಲಿರೋ ನಮ್ಮ ಗೆಳೆಯನ ಮುತ್ಯಾರ ಯೆಜ್ಡಿ. ರಜೆಯಲ್ಲಿ ನಾವು ನಾಲ್ಕು ಮಂದಿ ಸೇರಿ ಅದರ ಕ್ಲಚ್ ಕವರ್ ಬಿಚ್ಚಿ ಪಾಲಿಶ್ ಮಾಡಿದ್ವಿ.

1. ಮೊದಲು ಲೋಹ ಗುರುತಿಸಿ

ಹೊಳೆಯೋದೆಲ್ಲ ಅಲ್ಯೂಮಿನಿಯಂ ಅಲ್ಲ. ಒಂದು ಅಯಸ್ಕಾಂತ ಹಿಡಿದು ನೋಡಿ. ಸೈಲೆನ್ಸರ್, ಹ್ಯಾಂಡಲ್‌ಗೆ ಅದು ಅಂಟ್ಕೊಂಡ್ರೆ ಅದು ಕ್ರೋಮ್ ಹಾಕಿದ ಉಕ್ಕು. ಅದಕ್ಕೆ ಪೇಪರ್ ಹಾಕಿದ್ರೆ ಕ್ರೋಮ್ ಹೋಗಿ ತುಕ್ಕು ಬರ್ತದೆ. ಎಂಜಿನ್ ಕವರ್‌ಗೆ ಅಂಟಲ್ಲ, ಅದು ಅಲ್ಯೂಮಿನಿಯಂ.

ಲೋಹ ಯಾವುದು ಅಂತ ತಿಳಿಯೋದು ಎಷ್ಟು ಮುಖ್ಯ ಅನ್ನೋದಕ್ಕೆ ನಮ್ಮ ಬೀದರಿನ ಬಿದ್ರಿ ಕೆಲಸ ನೋಡಿ. ಸತು, ತಾಮ್ರ ಬೆರೆಸಿದ ಪಾತ್ರೆಗೆ ಬೆಳ್ಳಿ ಕೂರಿಸ್ತಾರೆ. ಆಮೇಲೆ ಕೋಟೆಯ ಮಣ್ಣು, ನವಸಾಗರ ಕಲಸಿ ಹಚ್ಚಿದಾಗ ಮಿಶ್ರಲೋಹ ಕಪ್ಪಾಗ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೀತದೆ. ಮದ್ದು ಒಂದೇ, ಆದ್ರೆ ಎರಡು ಲೋಹ ಎರಡು ಥರ ನಡ್ಕೊಳ್ತವೆ.

ಅಲ್ಯೂಮಿನಿಯಂ ಆಮ್ಲಕ್ಕೂ ಕರಗ್ತದೆ, ಕ್ಷಾರಕ್ಕೂ ಕರಗ್ತದೆ. ಕೊಳೆ ಬೇಗ ಹೋಗಲಿ ಅಂತ ಕಾಸ್ಟಿಕ್ ಸೋಡಾ ಹಾಕಿದ್ರೆ ಲೋಹವೇ ಕರಗಿ ಹೈಡ್ರೋಜನ್ ಅನಿಲ ಏಳ್ತದೆ. ಗ್ರೀಸು, ಎಣ್ಣೆ ತೆಗೆಯೋಕೆ ಡೀಸೆಲ್ ಸಾಕು. ಆಮೇಲೆ ಪಾತ್ರೆ ಸೋಪಿನ ನೀರಲ್ಲಿ ತೊಳೆದು ಒಣಗಿಸಿ.

2. ಇಲ್ಲಿ ಮುಟ್ಟಬಾರ್ದು

ಕವರ್‌ನ ಒಳ ಅಂಚು, ಅಂದ್ರೆ ಗ್ಯಾಸ್ಕೆಟ್ ಕೂರೋ ಜಾಗ, ಸಪಾಟಾಗಿರಬೇಕು. ಅಲ್ಲಿ ಪೇಪರ್ ತಿಕ್ಕಿ ಅಂಚು ದುಂಡಾದ್ರೆ ಎಣ್ಣೆ ಸೋರ್ತದೆ. ಸಿಲಿಂಡರ್ ಕೂರೋ ಜಾಗದಲ್ಲಿ ಹಾಗಾದ್ರೆ ಇನ್ನೂ ಅಪಾಯ. ಯೆಜ್ಡಿ ಟೂ-ಸ್ಟ್ರೋಕ್ ಎಂಜಿನ್. ಪೆಟ್ರೋಲ್-ಗಾಳಿ ಮಿಶ್ರಣ ಮೊದಲು ಕ್ರ್ಯಾಂಕ್‌ಕೇಸ್‌ಗೆ ಬಂದು, ಅಲ್ಲಿಂದ ಸಿಲಿಂಡರ್‌ಗೆ ಹೋಗ್ತದೆ. ಸಂದಿನಿಂದ ಹೊರಗಿನ ಗಾಳಿ ಸೇರಿದ್ರೆ ಮಿಶ್ರಣದಲ್ಲಿ ಪೆಟ್ರೋಲ್ ಪಾಲು ಕಡಿಮೆಯಾಗಿ, ಎಂಜಿನ್ ಅತಿಯಾಗಿ ಕಾದು, ಪಿಸ್ಟನ್ ಜಾಮ್ ಆಗಬಹುದು. ಹೊಳಪಿಗೆ ಹೋಗಿ ಎಂಜಿನ್ ಕಳ್ಕೊಂಡ ಹಾಗೆ.

ಎರಕದಲ್ಲೇ ಮೂಡಿಬಂದ ಅಕ್ಷರಗಳ ಸುತ್ತ ಕೈಯಿಂದಲೇ ತಿಕ್ಕಿ. ಯಂತ್ರ ಹಾಕಿದ್ರೆ ಅಕ್ಷರದ ಮೂಲೆ ಸವೆದುಹೋಗ್ತದೆ. ಬೇರಿಂಗ್, ಎಣ್ಣೆ ರಂಧ್ರಗಳಿಗೆ ಪುಡಿ ಹೋಗಬಾರ್ದು. ಭಾಗವನ್ನ ಬಿಚ್ಚಿಯೇ ಕೆಲಸ ಮಾಡಿ.

3. ವಾಟರ್ ಪೇಪರ್ ಕ್ರಮ

ದೊಡ್ಡ ಗೀರನ್ನ ಸಣ್ಣ ಗೀರಾಗಿಸೋದೇ ಇಡೀ ವಿದ್ಯೆ. 400 ನಂಬರ್ ಪೇಪರಿನ ಕಣ ಸುಮಾರು 35 ಮೈಕ್ರಾನ್, 1000 ನಂಬರಿನದು ಸುಮಾರು 18, 2000 ನಂಬರಿನದು ಸುಮಾರು 10. ಗೀರು ಆಳ ಇದ್ರೆ 240ರಿಂದ, ಇಲ್ಲದಿದ್ರೆ 400ರಿಂದ ಶುರು ಮಾಡಿ, 600, 800, 1000, 1500, 2000 ಅಂತ ಹೋಗಿ. ನಡುವೆ ಹಾರಬೇಡಿ. 400ರ ಗೀರನ್ನ 2000ದಿಂದ ತೆಗೆಯೋಕೆ ಹೋದ್ರೆ ದಿನವಿಡೀ ತಿಕ್ಕಬೇಕು.

ಪ್ರತಿ ಪೇಪರಿಗೂ ದಿಕ್ಕು ಬದಲಿಸಿ. ಮೊದಲು ಉದ್ದಕ್ಕೆ ತಿಕ್ಕಿದ್ರೆ ಮುಂದಿನದು ಅಡ್ಡಕ್ಕೆ. ಉದ್ದ ಗೀರು ಪೂರ್ತಿ ಮಾಯವಾಗಿ ಬರೀ ಅಡ್ಡ ಗೀರು ಕಂಡಾಗ ಮಾತ್ರ ಮುಂದಿನ ನಂಬರ್. ನೀರಿಗೆ ಒಂದೆರಡು ಹನಿ ಸೋಪು ಹಾಕಿ. ಪೇಪರ್ ಬದಲಿಸುವಾಗ ಕವರನ್ನ ಚೆನ್ನಾಗಿ ತೊಳೆಯಿರಿ, ಹಳೆ ಕಣ ಒಂದು ಉಳಿದ್ರೂ ಹೊಸ ಗೀರು ಬೀಳ್ತದೆ. ಗೋರ್ಟಾದಲ್ಲಿ ನೋಡ್ತಾ ನಿಂತಿದ್ದ ಮಿಸ್ತ್ರಿ ಹೇಳಿದ್ದೂ ಇದನ್ನೇ: "ಅವಸರ ಮಾಡಬ್ಯಾಡ್ರಿ, ಹಿಂದಿನ ಗೆರಿ ಹೋಗ್ಯಾದೇನು ನೋಡಿ ಮುಂದ ಹೋಗ್ರಿ."

4. ಬಫ್ ಚಕ್ರ

ಕಣ್ಣಿಗೆ ಕಾಣೋ ಬೆಳಕಿನ ತರಂಗದೂರ 400ರಿಂದ 700 ನ್ಯಾನೋಮೀಟರ್. ಕನ್ನಡಿ ಥರ ಕಾಣಬೇಕಂದ್ರೆ ಮೇಲ್ಮೈಯ ಏರಿಳಿತ ಇದಕ್ಕಿಂತ ಬಹಳ ಚಿಕ್ಕದಿರಬೇಕು. ಅದು ಪೇಪರಿನಿಂದ ಆಗಲ್ಲ, ಬಟ್ಟೆಯ ಚಕ್ರಕ್ಕೆ ಪಾಲಿಶ್ ಕಾಂಪೌಂಡ್ ಹಚ್ಚಿ ಮಾಡಬೇಕು. ಮೊದಲು ಒರಟು ಕಾಂಪೌಂಡ್, ಆಮೇಲೆ ನಯವಾದದ್ದು. ಎರಡಕ್ಕೂ ಬೇರೆ ಬೇರೆ ಚಕ್ರ ಇರಲಿ.

ಇಲ್ಲಿ ಒಂದು ಲೆಕ್ಕ. 150 ಮಿಲಿಮೀಟರ್ ವ್ಯಾಸದ ಚಕ್ರ ನಿಮಿಷಕ್ಕೆ 2800 ಸುತ್ತು ತಿರುಗಿದ್ರೆ ಅಂಚಿನ ವೇಗ ಸೆಕೆಂಡಿಗೆ ಸುಮಾರು 22 ಮೀಟರ್, ಅಂದ್ರೆ ಗಂಟೆಗೆ 79 ಕಿಲೋಮೀಟರ್. ಭಾಗದ ಮೇಲಂಚು ಸಿಕ್ಕಿಹಾಕ್ಕೊಂಡ್ರೆ ಚಕ್ರ ಅದನ್ನ ಕೈಯಿಂದ ಕಿತ್ಕೊಂಡು ಎಸೀತದೆ. ಚಕ್ರದ ಮಧ್ಯರೇಖೆಗಿಂತ ಕೆಳಗೆ ಹಿಡೀರಿ. ಕನ್ನಡಕ, ಮಾಸ್ಕ್ ಬೇಕೇ ಬೇಕು. ಸಡಿಲ ತೋಳು, ದುಪಟ್ಟಾ ಬೇಡ.

ಅಲ್ಯೂಮಿನಿಯಂ ಪುಡಿ ಹೊತ್ತಿ ಉರಿಯೋ ವಸ್ತು. ಅದೇ ಜಾಗದಲ್ಲಿ ಉಕ್ಕು ಉಜ್ಜಿ ಕಿಡಿ ಹಾರಿಸಬೇಡಿ. ಬೆಂಕಿ ಹತ್ತಿದ್ರೆ ನೀರು ಹಾಕಬಾರ್ದು, ಒಣ ಮರಳು ಹಾಕಿ.

5. ಎಲ್ಲಿ ನಿಲ್ಲಿಸಬೇಕು?

ಮುತ್ಯಾರ ಕವರ್ ಮೇಲೆ ಒಂದು ಆಳವಾದ ಗೀರಿತ್ತು, ಗಾಡಿ ಬಿದ್ದಾಗ ಆದದ್ದು. ಅದನ್ನ ಪೂರ್ತಿ ತೆಗೀಬೇಕಂದ್ರೆ ಸುತ್ತಲಿನ ಲೋಹವನ್ನೂ ಅಷ್ಟೇ ಆಳಕ್ಕೆ ಇಳಿಸಬೇಕು, ಗೋಡೆ ತೆಳುವಾಗ್ತದೆ. ಕೇಳಿದಾಗ ಮುತ್ಯಾ ಅಂದ್ರು: "ಇರ್ಲಿ ಬಿಡ್ರಪ್ಪಾ, ಅದು ನಾ ಬಿದ್ದ ಗುರ್ತದ." ಗೀರಿನ ಚೂಪು ಅಂಚನ್ನಷ್ಟೇ ನಯ ಮಾಡಿ ಬಿಟ್ವಿ. ಎಂಜಿನಿಯರಿಂಗ್ ಲೆಕ್ಕಕ್ಕೂ ಅದೇ ಸರಿ.

ಪಾಲಿಶ್ ಆದ ಅಲ್ಯೂಮಿನಿಯಂ ಮೇಲೆ ಗಾಳಿ ತಾಗಿದ ಕೂಡಲೇ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ಕೂರ್ತದೆ. ಅದು ಲೋಹವನ್ನ ಕಾಯ್ತದೆ, ಆದ್ರೆ ಮಳೆ, ಧೂಳಿಗೆ ಹೊಳಪು ನಿಧಾನವಾಗಿ ಮಂಕಾಗ್ತದೆ. ತೆಳುವಾಗಿ ಮೇಣ ಹಚ್ಚಿ, ಆಗಾಗ ಮೆತ್ತನೆ ಬಟ್ಟೆಯಿಂದ ಒರೆಸಿ. ಮಂಕಾಯ್ತು ಅಂತ ಮತ್ತೆ 400ರಿಂದ ಶುರು ಮಾಡಬೇಡಿ, ಮೆಟಲ್ ಪಾಲಿಶ್ ಸಾಕು. ನಿಮ್ಮ ಊರಲ್ಲೂ ಇಂಥ ಗಾಡಿ ಇದ್ರೆ, ಮೊದಲು ಅಯಸ್ಕಾಂತ ತಗೊಂಡು ಹೋಗಿ. ಆಮೇಲೆ ಗಾಡಿ ಯಾರದೋ ಅವರನ್ನ ಕೇಳಿ, ಯಾವ ಗೀರು ತೆಗೀಬೇಕು, ಯಾವುದು ಇರಲಿ ಅಂತ. ಪೇಪರ್ ಅದಾದ ಮೇಲೆ.