ಓದಲು ಬಂದವರನ್ನು ಅರಿಯುವ ಬಗೆ

ನಮ್ಮ ವಾಚನಾಲಯದ ಬಾಗಿಲಲ್ಲಿರುವ ಸಹಿಪುಸ್ತಕವನ್ನು ನೀವೆಲ್ಲರೂ ಕಂಡಿದ್ದೀರಿ. ಕೆಲವರು ಸಹಿ ಮಾಡಿ ಬರುವಿರಿ, ಕೆಲವರು ಅದನ್ನು ಕಾಣದವರಂತೆ ಒಳಗೆ ಬಂದುಬಿಡುವಿರಿ. ಆ ಪುಸ್ತಕದಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂಬುದನ್ನು ಇಲ್ಲಿ ವಿಚಾರಿಸೋಣ. ಇದಕ್ಕೆ ಕಾರಣವೂ ಉಂಟು. ಸಂಜೆ ಏಳರ ಮೇಲೆ ಸಹಿಗಳು ತೀರ ಕಡಮೆಯಾಗಿರುವುದರಿಂದ ಏಳಕ್ಕೇ ಬಾಗಿಲು ಹಾಕಿ, ದೀಪದ ಖರ್ಚನ್ನೂ ಎರಡನೆಯ ಕನ್ನಡ ದಿನಪತ್ರಿಕೆಯ ಚಂದಾವನ್ನೂ ಉಳಿಸಬಹುದೆಂದು ಸಂಘದ ಸಭೆಯಲ್ಲಿ ಸಲಹೆ ಬಂದಿತು. ಲೆಕ್ಕದ ಪ್ರಕಾರ ಸಲಹೆ ಸರಿಯಾಗಿಯೇ ಇತ್ತು. ಆ ಲೆಕ್ಕ ಬರೆದವರೂ ನಾವೇ.

ಓದುಗರನ್ನು ಅರಿಯುವ ವಿದ್ಯೆಯನ್ನು ಶಾಸ್ತ್ರವಾಗಿ ಕಟ್ಟಿದವರು ಈ ಊರಿನಲ್ಲಿಯೇ ಇದ್ದರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ಎಸ್. ಆರ್. ರಂಗನಾಥನ್ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದರು. ಓದುಗರೇ ಕಪಾಟಿನ ಬಳಿ ಹೋಗಿ ಪುಸ್ತಕ ಆರಿಸಿಕೊಳ್ಳುವ ಏರ್ಪಾಟನ್ನು ಅಲ್ಲಿ ತಂದರು. 1931ರಲ್ಲಿ ಅವರ ಐದು ಸೂತ್ರಗಳ ಗ್ರಂಥ ಹೊರಬಂದಿತು. ಪ್ರತಿ ಓದುಗನಿಗೂ ಅವನಿಗೆ ಬೇಕಾದ ಪುಸ್ತಕ ದೊರೆಯಬೇಕು, ಓದುಗನ ಹೊತ್ತು ಹಾಳಾಗಬಾರದು ಎಂಬ ವಿಚಾರಗಳು ಅದರಲ್ಲಿವೆ. 1948ರ ಮದರಾಸು ಸಾರ್ವಜನಿಕ ಗ್ರಂಥಾಲಯಗಳ ಕಾನೂನಿನ ಹಿಂದೆ ಅವರ ದುಡಿಮೆ ಇದೆ. ಕೊನೆಯ ವರ್ಷಗಳಲ್ಲಿ ಬೆಂಗಳೂರಿನಲ್ಲಿ ನೆಲಸಿ 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಆದುದರಿಂದ ಅವರಲ್ಲಿ ಕನ್ನಡಿಗರಿಗೂ ಕೊಂಚ ಪಾಲಿದೆ ಎನ್ನಬಹುದು.

ಓದುಗನಿಗೆ ಬೇಕಾದುದನ್ನು ಕೊಡಬೇಕಾದರೆ ಅವನು ಯಾರೆಂದು ಮೊದಲು ತಿಳಿಯಬೇಕಷ್ಟೆ. ಸಹಿಪುಸ್ತಕ ಒಂದು ದಾರಿ. ಎರವಲು ಪುಸ್ತಕದ ಹಿಂದೆ ಅಂಟಿಸಿದ ತಾರೀಖಿನ ಚೀಟಿ ಮತ್ತೊಂದು. ಅದರ ಮೇಲೆ ಮುದ್ರೆ ಬೀಳದೆ ವರ್ಷಗಳು ಕಳೆದಿದ್ದರೆ ಆ ಪುಸ್ತಕವನ್ನು ಯಾರೂ ಮನೆಗೆ ಒಯ್ದಿಲ್ಲವೆಂದು ಅರ್ಥ. ದಿನಪತ್ರಿಕೆ ರಾತ್ರಿಯ ಹೊತ್ತಿಗೆ ಎಲ್ಲಿ ನಲುಗಿದೆ ಎಂದು ನೋಡುವುದೂ ಒಂದು ಉಪಾಯವೇ. ಎಲ್ಲಕ್ಕಿಂತ ಉಪಯುಕ್ತವಾದುದು, ಕೇಳಿ ಸಿಗದೆ ಹೋದ ಪುಸ್ತಕಗಳ ಪಟ್ಟಿ. ಇದನ್ನು ಇಡುವವರು ಅಪರೂಪ. ಇಲ್ಲವೆಂದು ಹೇಳಿದ ಮೇಲೆ ಬರೆದಿಡಲು ಯಾರಿಗೂ ಮನಸ್ಸಾಗುವುದಿಲ್ಲ.

ನೀವು ಕೈಫೋನಿನಲ್ಲಿ ತೆರೆಯುವ ಜಾಲತಾಣಗಳಿಗೂ ಇಂಥದೇ ಸಹಿಪುಸ್ತಕವಿದೆ. ವ್ಯತ್ಯಾಸವೇನೆಂದರೆ, ಅಲ್ಲಿ ಸಹಿಯನ್ನು ನಿಮ್ಮ ಪರವಾಗಿ ಯಂತ್ರವೇ ಹಾಕುತ್ತದೆ. ಎಷ್ಟು ಗಂಟೆಗೆ, ಯಾವ ಜಾಲವಿಳಾಸದಿಂದ, ಯಾವ ಪುಟವನ್ನು, ಎಂಥ ಫೋನಿನಲ್ಲಿ ತೆರೆದಿರಿ ಎಂಬುದೆಲ್ಲ ಒಂದು ಸಾಲಾಗಿ ದಾಖಲಾಗುತ್ತದೆ. ಕುಕಿ ಎಂಬ ಗುರುತುಚೀಟಿಯನ್ನು ನಿಮ್ಮ ಫೋನಿನೊಳಗೆ ಇರಿಸಿ, ಮರುದಿನ ಬಂದವರು ನೀವೇ ಎಂದು ಗುರುತಿಸುವುದೂ ಉಂಟು. ಇಷ್ಟಾದರೂ ಆ ಲೆಕ್ಕ ಯಂತ್ರಗಳ ಲೆಕ್ಕ, ಮನುಷ್ಯರದಲ್ಲ. ಒಂದೇ ಕೋಣೆಯ ಐವರು ಒಂದೇ ಫೋನನ್ನು ನೋಡಿದರೆ ಒಬ್ಬರು. ಒಬ್ಬನ ಬಳಿ ಎರಡು ಫೋನಿದ್ದರೆ ಇಬ್ಬರು. ಮನುಷ್ಯರೇ ಅಲ್ಲದ ಹುಡುಕುಯಂತ್ರಗಳೂ ಬಂದುಹೋಗುತ್ತವೆ. ಅವನ್ನು ಬೇರ್ಪಡಿಸದಿದ್ದರೆ ತಾಣದ ಒಡೆಯನು ಅವನ್ನೂ ಓದುಗರೆಂದೇ ತಿಳಿದು ಹಿಗ್ಗುತ್ತಾನೆ.

ನಮ್ಮ ಲೆಕ್ಕದ ದೋಷವೂ ಇದೇ ಜಾತಿಯದು. ಮಿಲ್ಲಿನಲ್ಲಿ ಹಾಜರಿ ಬರೆಯುವ ನಮಗೆ, ಪುಸ್ತಕದಲ್ಲಿ ಹೆಸರಿಲ್ಲದವನು ಬಂದೇ ಇಲ್ಲವೆಂದು ಎಣಿಸುವ ಅಭ್ಯಾಸ. ಅದನ್ನೇ ಇಲ್ಲಿಗೂ ತಂದಿದ್ದೆವು. ಸಭೆಯ ತರುವಾಯ ಒಂದು ವಾರ ಸಹಿಪುಸ್ತಕವನ್ನು ಬದಿಗಿಟ್ಟು, ಮೂಲೆಯಲ್ಲಿ ಕುಳಿತು, ಬಂದ ತಲೆಗೊಂದರಂತೆ ಹುಣಿಸೆಬೀಜವನ್ನು ಡಬ್ಬಿಗೆ ಹಾಕಿದೆವು. ಏಳರ ಮೇಲೆ ಬಂದವರು ಸಹಿಗಳಿಗಿಂತ ಎರಡು ಪಾಲು ಹೆಚ್ಚು. ಕಿಟಕಿಯ ಬಳಿಯ ಮೇಜಿನಲ್ಲಿ ಒಬ್ಬರು ಆ ಎರಡನೆಯ ಪತ್ರಿಕೆಯನ್ನು ಮೆಲ್ಲಗೆ ಗಟ್ಟಿಯಾಗಿ ಓದುವರು. ಸುತ್ತ ನಾಲ್ವರು ಕಟ್ಟಡದ ಕೆಲಸದವರು ಕೇಳುವರು. ಮಳೆ ಬೆಳೆಯ ಸುದ್ದಿ ಬಂದಾಗ ಮತ್ತೊಮ್ಮೆ ಓದಿಸುವರು. ಪುಸ್ತಕದಲ್ಲಿ ಈ ಐವರೂ ಸೇರಿ ಒಂದು ಸಹಿ. ಗದ್ದಲವಾಗುತ್ತದೆಂದು ಅವರನ್ನು ಹಿಂದೊಮ್ಮೆ ನಾವೇ ಗದರಿದ್ದೆವು.

ಸಹಿ ಏಕೆ ಮಾಡುವುದಿಲ್ಲವೆಂದು ವಿಚಾರಿಸಿದೆವು. ಅಕ್ಷರ ಬಾರದೆ ಸಂಕೋಚಪಟ್ಟವರು ಒಬ್ಬಿಬ್ಬರು ಮಾತ್ರ. ಉಳಿದವರಿಗೆ ಅಡ್ಡಿಯಾದುದು ನಾವೇ ಗೆರೆ ಎಳೆದ ಅಂಕಣಗಳು: ಹೆಸರು, ತಂದೆಯ ಹೆಸರು, ವಿಳಾಸ, ಫೋನು, ಉದ್ಯೋಗ. “ಯಾವ ವಿಳಾಸ ಬರೆಯಲಿ ಸ್ವಾಮಿ, ಕಟ್ಟಡ ಮುಗಿದರೆ ಶೆಡ್ಡೇ ಇರುವುದಿಲ್ಲ” ಎಂದರು ಒಬ್ಬರು. ಮತ್ತೊಬ್ಬರು ಯಾವುದೋ ಅಂಗಡಿಯಲ್ಲಿ ಫೋನಿನ ಸಂಖ್ಯೆ ಬರೆದುಕೊಟ್ಟ ಮೇಲೆ ಸಾಲ ಬೇಕೆ, ಸಾಲ ಬೇಕೆ ಎಂದು ಕರೆಗಳು ಬಂದು ಸಾಕಾದವರು.

ಅವರ ಅಂಜಿಕೆಗೆ ಆಧಾರವಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ದಾವೆಯಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪಿತ್ತಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶದ ಕಾನೂನು ಆಯಿತು. ಒಪ್ಪಿಗೆ ಪಡೆದು, ಹೇಳಿದ ಕೆಲಸಕ್ಕೆ ಬೇಕಾದಷ್ಟನ್ನೇ ತೆಗೆದುಕೊಳ್ಳಬೇಕೆಂಬುದು ಅದರ ಒಂದು ಮುಖ್ಯ ಅಂಶ. ಅದು ಯಂತ್ರಕ್ಕೆ ಸೇರಿದ ವಿವರಗಳಿಗೆ ಅನ್ವಯಿಸುವುದು, ನಮ್ಮ ಕಾಗದದ ಪುಸ್ತಕಕ್ಕಲ್ಲ. ಆದರೂ ಪತ್ರಿಕೆ ಓದಲು ಬಂದವನ ತಂದೆಯ ಹೆಸರು ನಮಗೇಕೆ? ಯಾರೋ ಹಳೆಯ ಪುಸ್ತಕ ನೋಡಿ ಗೆರೆ ಎಳೆದರು, ನಾವು ಮುಂದುವರಿಸಿದೆವು.

ಇನ್ನೊಂದು ವಿಷಯವನ್ನು ಹುಣಿಸೆಬೀಜವೂ ಹೇಳಲಾರದು. ಅದೇನೆಂದರೆ, ಬಂದು ಬೀಗ ನೋಡಿ ಹಿಂದಿರುಗಿದವರ ಸಂಗತಿ. ಕುಂದಾಪುರದ ಕಡೆಯ ಹೋಟೆಲು ಕೆಲಸದವರೊಬ್ಬರು ಭಾನುವಾರ ಎದುರಾದಾಗ ಇದನ್ನು ಹೇಳಿದರು. ಅವರಿಗೆ ಬಿಡುವು ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿಗೆ ಒಲೆ ಹಚ್ಚುವವರೆಗೆ, ಮೂರರಿಂದ ನಾಲ್ಕೂವರೆ. ನಾವು ತೆರೆಯುವುದು ಐದಕ್ಕೆ. ಎರಡು ಸಲ ಬಂದು ನೋಡಿ, ಮತ್ತೆ ಬರುವುದನ್ನೇ ಬಿಟ್ಟಿದ್ದರು.

ಈ ತಿಂಗಳಿನಿಂದ ಸಹಿಪುಸ್ತಕದಲ್ಲಿ ಒಂದೇ ಅಂಕಣ: ಹೆಸರು, ಅಥವಾ ಒಂದು ಗೀಟು. ಪುಸ್ತಕ ಎರವಲು ಒಯ್ಯುವವರು ಮಾತ್ರ ವಿಳಾಸ ಕೊಟ್ಟರೆ ಸಾಕು. ಓದಿ ಹೇಳುವವರಿಗೆ ಹಿಂದಿನ ಕೋಣೆಯ ಮೇಜನ್ನು ಬಿಟ್ಟುಕೊಟ್ಟಿದ್ದೇವೆ. ಏಳರ ಬಾಗಿಲಿನ ವಿಚಾರವೂ ಪತ್ರಿಕೆಯ ಚಂದಾ ವಿಚಾರವೂ ಮುಂದಿನ ಸಭೆಗೆ ಮತ್ತೆ ಬರುತ್ತವೆ. ಬೀಜದ ಲೆಕ್ಕವನ್ನು ಅಲ್ಲಿ ಒಪ್ಪಿಸುತ್ತೇವೆ. ಮಧ್ಯಾಹ್ನ ಮೂರಕ್ಕೆ ಬಾಗಿಲು ತೆರೆಯಲು ಮಾತ್ರ ಇನ್ನೂ ಯಾರೂ ಸಿಕ್ಕಿಲ್ಲ. ನಾವೆಲ್ಲರೂ ಆ ಹೊತ್ತಿಗೆ ಕೆಲಸದಲ್ಲಿರುತ್ತೇವೆ. ರಾತ್ರಿ ಪಾಳಿಯವರಲ್ಲಿ ಯಾರಾದರೂ ವಾರಕ್ಕೆರಡು ದಿನ ಬೀಗದ ಕೈ ಇಟ್ಟುಕೊಳ್ಳಲು ಒಪ್ಪಿದರೆ, ಸಂಜೆ ಮೇಜಿನ ಬಳಿ ಬಂದು ತಿಳಿಸಬೇಕು.