ಸನ್ನತಿಯ ಕಲ್ಲು, ನಮ್ಮ ಹಿತ್ತಲ ಕಲ್ಲು



ಭೀಮಾ ನದಿಯ ಈಚೆ ದಡಕ್ಕೆ ನಮ್ಮ ಶಹಾಪುರ ತಾಲ್ಲೂಕು. ಆಚೆ ದಡಕ್ಕೆ, ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನಲ್ಲಿ, ಸನ್ನತಿ ಎಂಬ ಸಣ್ಣ ಊರಿದೆ. ಅಲ್ಲಿಯ ಚಂದ್ರಲಾಂಬಾ ಗುಡಿಗೆ ನಮ್ಮ ಕಡೆಯವರು ಹೋಗಿ ಬರುತ್ತಾರೆ. ಈ ಸಲ ಸರ್ ಜೊತೆ ನಾವೂ ಹೋಗಿದ್ದೆವು. ಅವರು ಹೇಳಿದ್ದನ್ನು ಇಲ್ಲಿ ಬರೆದಿದ್ದೇನೆ.

1986ರಲ್ಲಿ ಆ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿದು ಮೂರ್ತಿ ಒಡೆಯಿತು. ಆಗ ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಕ್ಷರಗಳು ಕಂಡವು. ಅದು ಅಶೋಕ ಚಕ್ರವರ್ತಿಯ ಶಾಸನ! ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. 2,200 ವರ್ಷಕ್ಕೂ ಹಳೆಯದು. ಎರಡೂ ಬದಿಗೆ ಬರಹವಿದೆ. ಒಂದು ಬದಿಗೆ 12 ಮತ್ತು 14ನೆಯ ಶಾಸನಗಳಿವೆ. ಬೇರೆಯವರ ಮತವನ್ನೂ ಗೌರವಿಸಬೇಕು ಎಂಬುದು 12ನೆಯದರ ಸಾರ. ಇನ್ನೊಂದು ಬದಿಯಲ್ಲಿರುವ ಎರಡು ಶಾಸನಗಳು ಒಡಿಶಾದ ಧೌಲಿ, ಜೌಗಡದಲ್ಲಿಯೂ ಇವೆ.

ಹಿಂದೆ ಯಾರೋ ಮೂರ್ತಿ ನಿಲ್ಲಿಸಲು ಆ ಕಲ್ಲಿನ ನಡುವೆ ಚೌಕ ತೂತು ಕೊರೆದಿದ್ದರು. ಅಲ್ಲಿದ್ದ ಅಕ್ಷರಗಳು ಹೋದವು. ಅವರು ಬೇಕಂತ ಮಾಡಿದ್ದಲ್ಲ. ಅವರಿಗೆ ಆ ಲಿಪಿ ಓದಲು ಬರುತ್ತಿರಲಿಲ್ಲ, ಅಷ್ಟೇ.

ಹತ್ತಿರದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯವರು 1994ರಿಂದ 1998ರವರೆಗೆ ಅಗೆದು ದೊಡ್ಡ ಬೌದ್ಧ ಸ್ತೂಪವನ್ನು ಹೊರತೆಗೆದರು. ಕಲ್ಲು ಬೇರೆ ಯಾವುದೂ ಅಲ್ಲ, ನಮ್ಮ ಮನೆಗಳ ನೆಲಕ್ಕೆ ಹಾಸುವ ಪರಸಿಯಂಥ ಸುಣ್ಣಕಲ್ಲು. ಒಂದು ಚಪ್ಪಡಿಯ ಮೇಲೆ ರಾಜ, ರಾಣಿ, ಸೇವಕಿಯರನ್ನು ಕೆತ್ತಿದ್ದಾರೆ. ಜೊತೆಗೆ ‘ರಾಯೋ ಅಸೋಕೋ’ ಎಂಬ ಬರಹವಿದೆ. ಆ ಬರಹ ಉಳಿದದ್ದರಿಂದ ಆ ರಾಜ ಅಶೋಕನೆಂದು ತಿಳಿಯಿತು.

ನಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲೊಂದಿದೆ. ಹೊಲದಲ್ಲಿ ಸಿಕ್ಕಿದ್ದಂತೆ. ಅದರ ಅಂಚಿಗೆ ಕೊರೆದ ಗೆರೆಗಳಿವೆ. ಮುತ್ಯಾ ಅದನ್ನು ಒಡೆದು ಹೊಸ ಕಟ್ಟೆಗೆ ಹಾಕಬೇಕು ಅಂತಿದ್ದ. ನಾನು ಸನ್ನತಿಯ ತೂತಿನ ಸಂಗತಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಇರ್ಲಿ ಬಿಡು. ನಿಮ್ಮ ಸರ್‌ಗೆ ಕರಕೊಂಡು ಬಾ, ನೋಡ್ಲಿ” ಅಂದ.

ಅದು ಬರೀ ಕಲ್ಲೇ ಇರಬಹುದು. ಆದರೆ ಒಡೆದ ಮೇಲೆ ಕೇಳಿ ಏನು ಉಪಯೋಗ?

ನೆನಪಿಡಿರಿ:
1. ಹಳೆಯ ಕಲ್ಲು, ಮಡಕೆ ಚೂರು, ನಾಣ್ಯ ಸಿಕ್ಕರೆ ಒಡೆಯಬೇಡಿ, ತಿಕ್ಕಿ ತೊಳೆಯಬೇಡಿ.
2. ಸಿಕ್ಕ ಜಾಗದಿಂದ ಸರಿಸಬೇಡಿ. ಮಣ್ಣಿನ ಯಾವ ಪದರಿನಲ್ಲಿ, ಯಾವುದರ ಜೊತೆ ಇತ್ತು ಎಂಬುದು ಅದರ ಕಾಲವನ್ನು ತಿಳಿಯಲು ಬೇಕು.
3. ಗುರುಗಳಿಗೆ ಹೇಳಿರಿ. ಅವರು ತಹಶೀಲ್ದಾರರಿಗೂ ಪುರಾತತ್ವ ಇಲಾಖೆಗೂ ತಿಳಿಸುತ್ತಾರೆ.

ಶನಿವಾರ ಸಾಲಿ ಬಿಟ್ಟ ಮೇಲೆ ಸರ್ ನಮ್ಮ ಮನೆಗೆ ಬರುತ್ತಾರೆ. ನೀವೂ ಬನ್ನಿರಿ.

— 9ನೇ ತರಗತಿ