ಚರ್ಚಿನಿಂದ ಬರುವಷ್ಟರಲ್ಲಿ ಮುಕ್ಕಾಲು ಅಡಿಗೆ ಆಗಿರಲಿ

ಡಿಸೆಂಬರ್ 25ರ ಮಧ್ಯಾಹ್ನ ಹನ್ನೆರಡೂವರೆ. ಆರಾಧನೆ ಮುಗಿದಿದೆ. ಚರ್ಚಿನ ಅಂಗಳದಲ್ಲಿ ಸಿಕ್ಕವರಿಗೆಲ್ಲ ಕೈಕುಲುಕಿ, ಮಕ್ಕಳನ್ನು ಹುಡುಕಿ ಹಿಡಿದು, ಚಿಗರಿ ಬಸ್ಸಿನಿಂದ ಬೈರಿದೇವರಕೊಪ್ಪದಲ್ಲಿ ಇಳಿದು ಮನೆಯ ಬೀಗ ತೆಗೆಯುವ ಹೊತ್ತು. ಬೆನ್ನಿಗೇ ನಾದಿನಿಯ ಮನೆಯವರು, ದೊಡ್ಡಪ್ಪನ ಮಕ್ಕಳು. ಒಂದೂವರೆಗೆ ಹದಿನೈದು ತಾಟು ಹಾಕಬೇಕು. ಕೈಯಲ್ಲಿರುವುದು ಒಂದೇ ತಾಸು. ಆ ಒಂದು ತಾಸಿನಲ್ಲಿ ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಉಳ್ಳಾಗಡ್ಡಿ ಹೆಚ್ಚುತ್ತ ನಿಂತರೆ ಹಬ್ಬ ಅಲ್ಲಿಗೇ ಮುಗಿಯಿತು.

ನಮ್ಮದು ಅವಳಿ ನಗರದ ನಡುವಿನ ಊರು. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು. ಆ ಸಭೆಗಳ ಮನೆತನಗಳು ಇವತ್ತು ಎರಡೂ ಊರಲ್ಲಿ ಹಂಚಿಹೋಗಿವೆ. ಹಾಗಾಗಿ ಇಲ್ಲಿಂದ ಹಬ್ಬದ ದಿನ ಕೆಲವರು ಹುಬ್ಬಳ್ಳಿಯ ಮೇಯರ್ ಸ್ಮಾರಕ ಚರ್ಚಿಗೆ ಹೊರಟರೆ ಇನ್ನು ಕೆಲವರು ಧಾರವಾಡದ ಹೆಬಿಕ್ ಸ್ಮಾರಕ ಚರ್ಚಿಗೆ ಹೊರಡುತ್ತಾರೆ. ಯಾವ ಕಡೆ ಹೋದರೂ ಮುಂಜಾನೆಯೆಲ್ಲ ಹೊರಗೇ. ಕ್ರಿಸ್ಮಸ್ ಅಡಿಗೆ ಮೈಮೇಲೆ ಬರುವುದು ಅಡಿಗೆ ಹೆಚ್ಚಾಗಿದ್ದಕ್ಕಲ್ಲ, ಅಡಿಗೆ ಮಾಡುವ ಹೊತ್ತಿನಲ್ಲಿ ನಾವು ಒಲೆಯ ಹತ್ತಿರ ಇರುವುದಿಲ್ಲವಲ್ಲ, ಅದಕ್ಕೆ. "ಹಬ್ಬ ಯಾರಿಗವಾ? ಒಲಿ ಮುಂದ ನಿಂತಾಕಿಗೆ ಹಬ್ಬ ಎಲ್ಲೈತಿ?" ಎಂದು ನಮ್ಮತ್ತೆಯವರು ಪ್ರತಿವರ್ಷ ಕೇಳುತ್ತಿದ್ದರು. ಆ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ನಾಲ್ಕೈದು ಕ್ರಿಸ್ಮಸ್ ಬೇಕಾದವು. ಕೆಳಗಿರುವುದು ಆ ಲೆಕ್ಕ.

ನವೆಂಬರ್ ಕೊನೆ: ಹಣ್ಣು ನೆನೆಸುವುದು

ಇಂಗ್ಲೆಂಡಿನಲ್ಲಿ ಆಗಮನ ಕಾಲ ಶುರುವಾಗುವ ಹಿಂದಿನ ಭಾನುವಾರವೇ ಕ್ರಿಸ್ಮಸ್ ಪುಡ್ಡಿಂಗ್ ಕಲಸಿಡುವ ವಾಡಿಕೆ ಇದೆ. ಆ ದಿನದ ಪ್ರಾರ್ಥನೆ 'ಕಲಕು' ಎಂಬರ್ಥದ ಮಾತಿನಿಂದ ಶುರುವಾಗುವುದರಿಂದ ಆ ಭಾನುವಾರಕ್ಕೆ ಕಲಕುವ ಭಾನುವಾರವೆಂದೇ ಹೆಸರು. ಅಂದರೆ ತಿಂಗಳ ಮೊದಲೇ ಕೈಹಚ್ಚುವುದು ಹೊಸ ಉಪಾಯವೇನಲ್ಲ.

ವಿಜಯಪುರದ ಒಣದ್ರಾಕ್ಷಿ, ಕರಿದ್ರಾಕ್ಷಿ, ಖರ್ಜೂರ, ಚೆರ್ರಿ, ಟುಟಿಫ್ರೂಟಿ ಎಲ್ಲ ಸೇರಿ ಅರ್ಧ ಕಿಲೋ ಹಣ್ಣನ್ನು ಸಣ್ಣಗೆ ಹೆಚ್ಚಿ, ಒದ್ದೆಯಿಲ್ಲದ ಗಾಜಿನ ಭರಣಿಗೆ ತುಂಬಿ ರಮ್ ಹಾಕಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ನಮ್ಮ ಮನೆಯಂತೆ ರಮ್ಮಿನ ಬಾಟಲಿ ಹೊಸ್ತಿಲು ದಾಟಬಾರದು ಎನ್ನುವವರು ಕಿತ್ತಳೆ ರಸ ಬಳಸಬಹುದು. ಆದರೆ ರಸದ ಹಣ್ಣು ತಿಂಗಳು ಬಾಳುವುದಿಲ್ಲ. ಕೇಕ್ ಬೇಯಿಸುವ ಎರಡು ದಿನ ಮೊದಲು ಹಣ್ಣನ್ನು ರಸದಲ್ಲಿ ಸಣ್ಣ ಉರಿಯ ಮೇಲೆ ಇಂಗಿಸಿ, ಆರಿಸಿ, ಫ್ರಿಜ್ಜಿನಲ್ಲಿಡಬೇಕು. ಹೊರಗಿಟ್ಟರೆ ಹುಳಿ ಬರುತ್ತದೆ.

ಓವನ್ ಇಲ್ಲದವರು ಪರಿಚಯದ ಬೇಕರಿಯವರಿಗೆ ಹಿಟ್ಟು ಕೊಟ್ಟು ಭಟ್ಟಿಯಲ್ಲಿ ಬೇಯಿಸಿಕೊಡಲು ಕೇಳಬಹುದು. ಕೇಳುವುದಾದರೆ ಡಿಸೆಂಬರ್ 18ರ ಒಳಗೆ ಕೇಳಿ. 20 ದಾಟಿದ ಮೇಲೆ ಅವರಿಗೆ ಅವರ ಕೇಕೇ ಹೆಚ್ಚಾಗಿರುತ್ತದೆ. ಕುಕ್ಕರಿನಲ್ಲೂ ಆಗುತ್ತದೆ: ತಳಕ್ಕೆ ಉಪ್ಪಿನ ಹಾಸು, ಗ್ಯಾಸ್ಕೆಟ್ಟು ಸೀಟಿ ಎರಡನ್ನೂ ತೆಗೆದಿಡಬೇಕು, ಉರಿ ಸಣ್ಣದಿರಬೇಕು.

ಡಿಸೆಂಬರ್ 14ರಿಂದ 20: ಫರಾಳ

ಇದು ಹೇಳಿಕೊಡಬೇಕಾದ ಕೆಲಸವಲ್ಲ. ದೀಪಾವಳಿಗೆ ಪಕ್ಕದ ಮನೆಯವರು ಮಾಡುವುದನ್ನೇ ನಾವು ಕ್ರಿಸ್ಮಸ್ಸಿಗೆ ಮಾಡುತ್ತೇವೆ. ಚಕ್ಕಲಿ, ಶಂಕರಪೋಳಿ, ಬೇಸನ್ ಉಂಡಿ, ಅವಲಕ್ಕಿ ಚೂಡಾ, ಕರ್ಚಿಕಾಯಿ; ಜೊತೆಗೆ ಅಚ್ಚು ಅದ್ದಿ ಕರಿಯುವ ರೋಸ್ ಕುಕ್ಕೀಸ್. ಎರಡು ಮಾತು ಮಾತ್ರ ನೆನಪಿಡಿ.

ಕರ್ಚಿಕಾಯಿಯ ಹೂರಣಕ್ಕೆ ಒಣಕೊಬ್ಬರಿ, ಪುಟಾಣಿ, ಗಸಗಸೆ, ಸಕ್ಕರೆ ಹಾಕಿದರೆ ಎರಡು ವಾರ ಧಾರಾಳವಾಗಿ ಇರುತ್ತದೆ. ಹಸಿ ತೆಂಗಿನಕಾಯಿ ಹಾಕಿದಿರೋ ಎರಡೇ ದಿನಕ್ಕೆ ವಾಸನೆ.

ಇನ್ನೊಂದು, ಕರಿಯುವ ಕ್ರಮ. ನಮ್ಮ ಓಣಿಯಲ್ಲಿ ತತ್ತಿ ಮುಟ್ಟದ ಮನೆಗಳೇ ಹೆಚ್ಚು. ಅವರ ಡಬ್ಬಿಗೆ ಹೋಗುವುದನ್ನೆಲ್ಲ ಹೊಸ ಎಣ್ಣೆಯಲ್ಲಿ ಮೊದಲು ಕರಿದು, ಆರಿಸಿ, ಮುಚ್ಚಿಟ್ಟ ಮೇಲೆಯೇ ತತ್ತಿ ಹಾಕಿದ ರೋಸ್ ಕುಕ್ಕೀಸಿನ ಹಿಟ್ಟು ಕಲಸಬೇಕು. ಅವರ ಮನೆಗೆಂದು ತತ್ತಿಯಿಲ್ಲದ ಕೇಕನ್ನೂ ಬೇರೆಯಾಗಿ ಮಾಡಿ. ಯಾರೂ ಕೇಳುವುದಿಲ್ಲ, ನಿಜ. ಆದರೆ "ಬ್ಯಾರೆ ಎಣ್ಯಾಗ ಕರದೇನ್ರಿ ಅಕ್ಕಾರ" ಎಂದು ಡಬ್ಬಿ ಕೊಡುವಾಗ ಹೇಳಿದರೆ ಅವರು ಅದನ್ನು ಅಲ್ಲೇ ಬಿಚ್ಚಿ ಬಾಯಿಗೆ ಹಾಕಿಕೊಳ್ಳುತ್ತಾರೆ.

ಕ್ಯಾರಲ್ ಹಾಡುವವರು ಬರುವ ರಾತ್ರಿಗೂ ಇದೇ ಫರಾಳ ಸಾಕು. ಹತ್ತು ಗಂಟೆಗೋ ಹನ್ನೆರಡಕ್ಕೋ, ಅವರು ಯಾವಾಗ ಬರುತ್ತಾರೆಂದು ಹೇಳಲಾಗದು. ಥರ್ಮಾಸಿನಲ್ಲಿ ಚಹಾ ತುಂಬಿಟ್ಟು ಮಲಗಿ.

ಡಿಸೆಂಬರ್ 21, 22: ಮಸಾಲೆ, ನೀರು, ಸಿಲಿಂಡರ್

ಅವಳಿ ನಗರದಲ್ಲಿ ಹಬ್ಬದ ಯೋಜನೆ ಅಂದರೆ ಮೊದಲು ನಳ ಬರುವ ದಿನದ ಲೆಕ್ಕ. ಎಷ್ಟೋ ಓಣಿಗಳಲ್ಲಿ ನೀರು ದಿನಾ ಬರುವುದಿಲ್ಲ. ನಿಮ್ಮ ಓಣಿಗೆ ಯಾವ ದಿನ ಬರುತ್ತದೆ ಎಂದು ನೋಡಿಕೊಂಡು, ದೊಡ್ಡ ಪಾತೇಲಿ, ಪರಾತ, ಹಬ್ಬಕ್ಕಷ್ಟೇ ಕೆಳಗಿಳಿಯುವ ತಾಟುಗಳನ್ನು ಅವತ್ತೇ ತೊಳೆದಿಟ್ಟುಬಿಡಿ. ತುಂಬಿದ ಸಿಲಿಂಡರ್ ಒಂದು ಪಕ್ಕದಲ್ಲಿರಲಿ. 25ರ ಮಧ್ಯಾಹ್ನ ಗ್ಯಾಸ್ ಮುಗಿಯುವುದು ನಮ್ಮ ಮನೆಯಲ್ಲಿ ಒಮ್ಮೆ ಆಗಿದೆ, ಎರಡನೆಯ ಸಲ ಆಗಲು ಬಿಟ್ಟಿಲ್ಲ.

ಉಳ್ಳಾಗಡ್ಡಿಗೆ ನಮಗೆ ದೂರ ಹೋಗಬೇಕಿಲ್ಲ, ಅಮರಗೋಳದ ಎಪಿಎಂಸಿ ಮಗ್ಗುಲಲ್ಲೇ ಇದೆ. ಹದಿನೈದು ಜನರ ಬಿರ್ಯಾನಿಗೆ ಒಂದೂವರೆ ಕಿಲೋ ಉಳ್ಳಾಗಡ್ಡಿಯನ್ನು ಎಳೆಎಳೆಯಾಗಿ ಹೆಚ್ಚಿ, ಹೊಂಬಣ್ಣ ಬರುವವರೆಗೆ ಕರಿದು, ಕಾಗದದ ಮೇಲೆ ಹರವಿ. ಗರಿಗರಿಯಾಗಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿದರೆ ವಾರ ಇರುತ್ತದೆ. ಇಡೀ ಹಬ್ಬದಡಿಗೆಯಲ್ಲಿ ಹೆಚ್ಚು ಹೊತ್ತು ತಿನ್ನುವ ಕೆಲಸ ಇದೇ. ಇದೊಂದನ್ನು ಮೊದಲೇ ಮಾಡಿಟ್ಟು ಉಳಿದದ್ದೆಲ್ಲ ಬಿಟ್ಟರೂ ಅರ್ಧ ಗೆದ್ದಂತೆ.

ಹಸಿಶುಂಠಿ, ಬಳ್ಳೊಳ್ಳಿಯನ್ನು ಉಪ್ಪು ಹಾಕಿ ರುಬ್ಬಿ ಫ್ರಿಜ್ಜಿಗಿಡಿ. ಬಳ್ಳೊಳ್ಳಿ ಸುಲಿಯುವುದು ಗಂಡಸರ ಪಾಲಿನ ಕೆಲಸ; ಟಿವಿ ನೋಡುತ್ತಲೇ ಮಾಡಬಹುದು, ನೆಪ ಹೇಳಲಾಗದು. ಸಾರಿನ ಮಸಾಲೆಗೆ ಒಣಕೊಬ್ಬರಿ, ಗಸಗಸೆ, ಕೊತ್ತಂಬರಿ ಕಾಳು, ದಾಲ್ಚಿನ್ನಿ, ಲವಂಗ, ಬ್ಯಾಡಗಿ ಮೆಣಸಿನಕಾಯಿ ಹುರಿದು ರುಬ್ಬಿ, ಎಣ್ಣೆ ಬಿಡುವವರೆಗೆ ಬಾಡಿಸಿ, ಆರಿಸಿ, ಅದನ್ನೂ ಫ್ರಿಜ್ಜಿಗೆ ಸೇರಿಸಿ. ನಾಲ್ಕು ದಿನಕ್ಕೆ ಏನೂ ಆಗುವುದಿಲ್ಲ. ಬ್ಯಾಡಗಿ ಬಣ್ಣ ಕೊಡುತ್ತದೆ, ಖಾರ ಕಡಿಮೆ. ಖಾರ ಬೇಕಾದವರು ಗುಂಟೂರು ಮೆಣಸಿನಕಾಯಿ ನಾಲ್ಕು ಹೆಚ್ಚಿಗೆ ಹಾಕಿಕೊಳ್ಳಿ.

ಮಟನ್ ಅಂಗಡಿಗೂ ಇವತ್ತೇ ಹೇಳಿಬಿಡಿ: 24ರ ಮುಂಜಾನೆಗೆ ಬಿರ್ಯಾನಿಗೆ ಮೂರು ಕಿಲೋ, ಇಂಥಿಂಥ ತುಂಡು ಎಂದು. 25ರಂದೇ ತರುತ್ತೇನೆಂದರೆ ಸರದಿಯಲ್ಲಿ ನಿಂತೇ ಆರಾಧನೆ ತಪ್ಪುತ್ತದೆ.

ಡಿಸೆಂಬರ್ 24: ಮಾಂಸ ಬೇಯುವ ದಿನ

ಮಟನ್ನನ್ನು ಮೊಸರು, ಶುಂಠಿ-ಬಳ್ಳೊಳ್ಳಿ, ಉಪ್ಪು, ಅರಿಸಿನ ಹಚ್ಚಿ ಮೂರು-ನಾಲ್ಕು ತಾಸು ಫ್ರಿಜ್ಜಿನಲ್ಲಿಡಿ. ಹಸಿ ಮಾಂಸ ಯಾವಾಗಲೂ ಎಲ್ಲಕ್ಕಿಂತ ಕೆಳಗಿನ ತಟ್ಟೆಯಲ್ಲಿರಬೇಕು. ಅದರ ನೀರು ಕೋಸಂಬರಿಯ ಸೌತೆಕಾಯಿಯ ಮೇಲೆ ತೊಟ್ಟಿಕ್ಕಬಾರದು. ಸಂಜೆಯೊಳಗೆ ಮಟನ್ ಮಸಾಲೆಯಲ್ಲಿ ಪೂರ್ತಿ ಬೇಯಲಿ, ಎರಡು ಕಿಲೋ ಕೋಳಿಯ ಸಾರೂ ಆಗಲಿ. ಮಸಾಲೆ ರಾತ್ರಿಯಿಡೀ ಇಳಿದು ಮರುದಿನ ರುಚಿ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಇಲ್ಲಿಗೆ ಬಂದಾಗ ನನ್ನದೊಂದು ತಪ್ಪು ಹೇಳಬೇಕು. ಒಂದು ವರ್ಷ 24ರ ಸಂಜೆ ದೊಡ್ಡ ಪಾತೇಲಿ ತುಂಬ ಸಾರು ಮಾಡಿ, ಮುಚ್ಚಳ ಮುಚ್ಚಿ ಕಟ್ಟೆಯ ಮೇಲೆಯೇ ಬಿಟ್ಟು ರಾತ್ರಿಯ ಆರಾಧನೆಗೆ ಹೋದೆ. ಧಾರವಾಡ ಸೀಮೆಯ ಡಿಸೆಂಬರ್ ಚಳಿ, ಏನಾದೀತು ಎಂಬ ಧೈರ್ಯ. ಮುಂಜಾನೆ ಮುಚ್ಚಳ ತೆಗೆದರೆ ಅಂಚಿನಲ್ಲಿ ಬಿಳಿ ಬುರುಗು, ಸೌಟು ಹಾಕಿದಾಗ ಸಣ್ಣ ಸಣ್ಣ ಗುಳ್ಳೆ. ಅಷ್ಟನ್ನೂ ಚೆಲ್ಲಿದೆವು. ಚಳಿ ಇದ್ದದ್ದು ಅಂಗಳದಲ್ಲಿ. ಪಾತೇಲಿಯ ನಡುಮಧ್ಯದ ಸಾರು ಗಂಟೆಗಟ್ಟಲೆ ಉಗುರು ಬೆಚ್ಚಗೇ ಇತ್ತು. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಶಾಖದಲ್ಲಿ ಸೂಕ್ಷ್ಮಾಣುಗಳು ಭರಭರನೆ ಬೆಳೆಯುತ್ತವೆ. ಬೆಂದ ಮಾಂಸ ಎರಡು ತಾಸಿನೊಳಗೆ ಫ್ರಿಜ್ ಸೇರಬೇಕು ಎನ್ನುವುದು ಅದಕ್ಕೇ.

ಹಾಗೆಂದು ಕುದಿಯುವ ಪಾತೇಲಿಯನ್ನೇ ಎತ್ತಿ ಫ್ರಿಜ್ಜಿಗೆ ತುರುಕಿದರೆ ಒಳಗಿನ ಹಾಲು ಮೊಸರೂ ಬಿಸಿಯಾಗುತ್ತವೆ. ಈಗ ನಾನು ಮಾಡುವುದು ಹೀಗೆ: ಸಾರನ್ನು ಎರಡು ಅಗಲ ಬೋಗುಣಿಗೆ ಬಗ್ಗಿಸುತ್ತೇನೆ, ಎರಡು ಬೆರಳಿಗಿಂತ ಆಳ ಇರಬಾರದು. ಪರಾತದಲ್ಲಿ ತಣ್ಣೀರು, ಅದರಲ್ಲಿ ಐಸ್ ಟ್ರೇ ಒಂದನ್ನು ಸುರಿದು, ಬೋಗುಣಿಯನ್ನು ಅದರೊಳಗೆ ಕೂರಿಸಿ ಆಗಾಗ ಸೌಟಾಡಿಸುತ್ತೇನೆ. ಪರಾತದ ನೀರು ಬೆಚ್ಚಗಾದರೆ ಬದಲಿಸಬೇಕು. ಅರ್ಧ ತಾಸಿನಲ್ಲಿ ಬೋಗುಣಿ ಮುಟ್ಟುವಂತಾಗುತ್ತದೆ. ಆಮೇಲೆ ಸಣ್ಣ ಡಬ್ಬಿಗಳಿಗೆ ತುಂಬಿ ಫ್ರಿಜ್ಜಿಗೆ. ಮಟನ್ನಿಗೂ ಇದೇ ಕ್ರಮ. ಇದಕ್ಕೆ ಜಾಗ ಬೇಕಲ್ಲ, ಅದಕ್ಕೆ 23ಕ್ಕೇ ಹಳೆಯ ಉಪ್ಪಿನಕಾಯಿ, ನೀರಿನ ಬಾಟಲಿಗಳನ್ನು ಹೊರಗಿಟ್ಟುಬಿಡಿ. ರಾತ್ರಿ ಕರೆಂಟು ಹೋದರೆ ಫ್ರಿಜ್ಜಿನ ಬಾಗಿಲು ತೆಗೆದು ನೋಡುವ ಆಸೆ ಬೇಡ. ಮುಚ್ಚಿಯೇ ಇದ್ದರೆ ನಾಲ್ಕು ತಾಸು ತಂಪು ಹಿಡಿದಿಡುತ್ತದೆ.

ಚಪಾತಿಯ ಕಣಕ ಕಲಸಿಡುವುದು, ಪುದೀನ ಕೊತ್ತಂಬರಿ ಸೋಸಿ ಬಟ್ಟೆಯಲ್ಲಿ ಸುತ್ತಿಡುವುದು, ಪಾಯಸದ ಶಾವಿಗೆ ಹುರಿದಿಡುವುದು ಕೂಡ ಇವತ್ತಿನ ಬಾಬತ್ತು. ತಾಟು, ಲೋಟ ಎಣಿಸಿ ಮೇಜಿನ ಮೇಲಿಡುವ ಕೆಲಸ ಮಕ್ಕಳಿಗೆ ಕೊಡಿ.

ಡಿಸೆಂಬರ್ 25: ಒಂದು ತಾಸು

ಅನ್ನವನ್ನು ಮಾತ್ರ ಹಿಂದಿನ ದಿನ ಮಾಡಿಡಬೇಡಿ. ಇದು ರುಚಿಯ ಮಾತಷ್ಟೇ ಅಲ್ಲ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಣ ಕುದಿಸಿದರೂ ಸಾಯುವುದಿಲ್ಲ. ಅನ್ನ ಹೊರಗೆ ಕೂತಷ್ಟೂ ಅದು ಬೆಳೆದು ವಿಷ ಬಿಡುತ್ತದೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹೇಗೂ ಅನ್ನಕ್ಕೆ ಬೇಕಾಗುವ ಸಮಯ ಎಷ್ಟು?

ಬಂದ ತಕ್ಷಣ ಎರಡು ಕಿಲೋ ಅಕ್ಕಿ ತೊಳೆದು ನೆನೆಹಾಕಿ, ಒಂದು ಒಲೆಯ ಮೇಲೆ ನೀರು, ಇನ್ನೊಂದರ ಮೇಲೆ ಮಟನ್ ಇಡಿ. ಮಟನ್ ಬೆಚ್ಚಗಾದರೆ ಸಾಲದು, ತಳದಿಂದ ಕೊತಕೊತ ಕುದಿಯಬೇಕು. ಅಷ್ಟರಲ್ಲಿ ಸೀರೆ ಬದಲಿಸಿ ಬನ್ನಿ. ಇಪ್ಪತ್ತು ನಿಮಿಷ ನೆನೆದ ಅಕ್ಕಿಯನ್ನು ಕುದಿಯುವ ನೀರಿಗೆ ಹಾಕಿ, ಮುಕ್ಕಾಲು ಬೆಂದಾಗ ಬಸಿದು, ಮಟನ್ ಮೇಲೆ ಹರವಿ, ಕರಿದ ಉಳ್ಳಾಗಡ್ಡಿ, ಪುದೀನ, ತುಪ್ಪ ಹಾಕಿ ಬಿಗಿಯಾಗಿ ಮುಚ್ಚಿ. ತಳಕ್ಕೆ ಹಂಚು, ಉರಿ ಸಣ್ಣ, ಇಪ್ಪತ್ತು ನಿಮಿಷ. ಖಾಲಿಯಾದ ಒಲೆಯ ಮೇಲೆ ಸಾರು ಕುದಿಯಲಿ, ಆಮೇಲೆ ಚಪಾತಿ. ಚಪಾತಿಗೆ ಇನ್ನೊಂದು ಜೋಡಿ ಕೈ ಬೇಕು. ಯಾರೂ ಇಲ್ಲದಿದ್ದರೆ ಚಪಾತಿ ಬಿಟ್ಟು ಖಡಕ್ ರೊಟ್ಟಿ ತಂದಿಟ್ಟುಕೊಳ್ಳಿ, ಕೋಳಿ ಸಾರಿಗೆ ಅದೇ ಚಂದ.

ಉಳಿದ ಸಾರು ಮೂರು ದಿನ ಫ್ರಿಜ್ಜಿನಲ್ಲಿ ಇರುತ್ತದೆ. ಬಿರ್ಯಾನಿಯನ್ನು ಊಟವಾದ ಕೂಡಲೇ ತೆಗೆದಿಟ್ಟಿದ್ದರೆ ಮರುದಿನ ಒಮ್ಮೆ ಮಾತ್ರ ಬಿಸಿ ಮಾಡಿ ಉಣ್ಣಿ.

ಕೊನೆಯದಾಗಿ, ಓಣಿಗೆ ಹೋಗುವ ಫರಾಳದ ಡಬ್ಬಿಗಳನ್ನು 24ರ ಮಧ್ಯಾಹ್ನವೇ ಹಂಚಿ ಮುಗಿಸಿ. ಮುಚ್ಚಳದ ಒಳಮೈಗೆ ನಿಮ್ಮ ಹೆಸರಿನ ಚೀಟಿ ಅಂಟಿಸಿರಿ. ಡಬ್ಬಿ ತಕ್ಷಣ ವಾಪಸ್ ಬರುವುದಿಲ್ಲ. ಜನವರಿ 14ರ ಸುಮಾರಿಗೆ, ಕುಸುರೆಳ್ಳು ತುಂಬಿಕೊಂಡು ಬರುತ್ತದೆ.